ಸಂತೆ ಮಕ್ಕಳದ್ದಾ, ಅಪ್ಪ ಅಮ್ಮಂದಿರದ್ದಾ?

ಈಗಷ್ಟೇ ಒಂದು ಹೈಸ್ಕೂಲಿನ ಮಕ್ಕಳ ಸಂತೆ ನೋಡಿ ಬಂದೆ. ಇಕೋ ಕ್ಲಬ್ಬಿಗೆ, ಅಂದರೆ ಶಾಲೆಯ ಪರಿಸರ ಸಂಘಕ್ಕೆ, ದುಡ್ಡು ಕೂಡಿಸೋಕೆ ಅಂತ ಮಾಡಿದ್ದು. ಶಾಲೆಯ ಹೆಸರು ಬೇಡ, ಇದು ಒಂದೇ ಶಾಲೆಯ ಕಾಯಿಲೆ ಅಲ್ಲ. ಪ್ರತಿ ಟೇಬಲ್ಲಿನ ಹಿಂದೆ ಒಬ್ಬ ಅಮ್ಮ. ಕಲೆಸೋದು ಅಮ್ಮ, ದುಡ್ಡು ಇಸಕೊಳ್ಳೋದು ಅಪ್ಪ, ಚಿಲ್ಲರೆ ಹೊಂದಿಸೋದು ಮೇಷ್ಟ್ರು. ಮಕ್ಕಳು ಪೇಪರ್ ಟೋಪಿ ಹಾಕಿಕೊಂಡು ಫೋಟೊಗೆ ನಿಂತಿದ್ದರು. "ಒಂದು ಪೊಟ್ಟಣ ಚುರುಮುರಿಗೆ ಎಷ್ಟು ಖರ್ಚು ಬಿತ್ತಮ್ಮ?" ಅಂತ ಒಂಬತ್ತನೇ ಕ್ಲಾಸಿನ ಹುಡುಗೀನ ಕೇಳಿದೆ. ಅವಳು ತಿರುಗಿ ಅಮ್ಮನ ಮುಖ ನೋಡಿದಳು. ಅಮ್ಮ "ಮನೇಲಿ ಇದ್ದದ್ದೇ ತಂದಿದೀವಿ, ಖರ್ಚೇನೂ ಇಲ್ಲ" ಅಂದರು.

ಖರ್ಚೇನೂ ಇಲ್ಲವಂತೆ! ಕಲಿಯಬೇಕಾದ ಪಾಠ ಇದ್ದದ್ದೇ ಅಲ್ಲಿ.

ಆ ಚುರುಮುರಿಯ ಲೆಕ್ಕವನ್ನೇ ಹಾಕೋಣ. ಮಂಡಕ್ಕಿ 1 ಕೆಜಿ, ಸುಮಾರು 80 ರೂಪಾಯಿ. ಈರುಳ್ಳಿ 1 ಕೆಜಿ 40, ಟೊಮೇಟೊ ಅರ್ಧ ಕೆಜಿ 20, ಕ್ಯಾರೆಟ್ ಅರ್ಧ ಕೆಜಿ 30, ಕಡಲೆಕಾಯಿ ಬೀಜ ಕಾಲು ಕೆಜಿ 40. ಕೊಬ್ಬರಿ ಎಣ್ಣೆ, ಖಾರದ ಪುಡಿ, ಉಪ್ಪು, ಕೊತ್ತಂಬರಿ, ನಿಂಬೆಹಣ್ಣು ಎಲ್ಲಾ ಸೇರಿ 50, ಕಾಗದಕ್ಕೆ 20. ಒಟ್ಟು 280. ಬೆಲೆ ಊರಿಂದ ಊರಿಗೆ ಹೆಚ್ಚು ಕಡಿಮೆ ಆಗುತ್ತೆ, ಲೆಕ್ಕದ ರೀತಿ ಬದಲಾಗಲ್ಲ. ಪೊಟ್ಟಣಕ್ಕೆ 25 ಗ್ರಾಂ ಮಂಡಕ್ಕಿ ಹಾಕಿದರೆ 40 ಪೊಟ್ಟಣ. ಒಂದಕ್ಕೆ ಬಿದ್ದ ಖರ್ಚು 7 ರೂಪಾಯಿ. 10ಕ್ಕೆ ಮಾರಿದರೆ ಉಳಿಯೋದು 3. ಇನ್ನು ಸ್ನೇಹಿತರಿಗೆ ಅಂತ ಕೈ ಸಡಿಲ ಬಿಟ್ಟು 35 ಗ್ರಾಂ ತುಂಬಿದರೆ 28 ಪೊಟ್ಟಣಕ್ಕೇ ಮಂಡಕ್ಕಿ ಖಾಲಿ, ಅಷ್ಟೂ ಮಾರಿದರೂ 280. ಇಡೀ ದಿನ ನಿಂತದ್ದಕ್ಕೆ ಒಂದು ರೂಪಾಯಿಯೂ ಉಳಿಯಲ್ಲ. ಇದು ಬೋರ್ಡಿನ ಮೇಲೆ ಬರೆದು ಹೇಳಿದರೆ ತಲೆಗೆ ಹತ್ತಲ್ಲ. ಡಬ್ಬಿ ಖಾಲಿಯಾಗಿ ಗಲ್ಲಾಪೆಟ್ಟಿಗೆಯೂ ಖಾಲಿ ಇದ್ದಾಗ ತಾನಾಗೇ ಹತ್ತುತ್ತೆ. ಅದಕ್ಕೇ ಮನೆಯಿಂದ ತಂದ ಈರುಳ್ಳಿಗೂ ಬೆಲೆ ಹಾಕಿಸಬೇಕು, ಸಂತೆಗೆ ಮೂರು ದಿನ ಮುಂಚೆ ಮಕ್ಕಳ ಕೈಯಲ್ಲೇ ಚೀಟಿ ಬರೆಸಿ ಅಂಗಡಿಗೆ ಕಳಿಸಬೇಕು.

ಕೈಕೆಲಸದಲ್ಲೂ ಕಲಿಯೋದಿದೆ. ಎಲ್ಲಾ ಮಂಡಕ್ಕೀನೂ ಒಂದೇ ಸಲ ಕಲೆಸಿಟ್ಟರೆ ಟೊಮೇಟೊ ನೀರು ಬಿಟ್ಟು ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತೆ, ಆಮೇಲೆ ಯಾರೂ ತಗೊಳ್ಳಲ್ಲ. ಹೆಚ್ಚಿದ್ದನ್ನು ಬೇರೆ ಬೇರೆ ಪಾತ್ರೆಯಲ್ಲಿಟ್ಟು ಗಿರಾಕಿ ಬಂದ ಮೇಲೆ ಮೂರು ನಾಲ್ಕು ಪೊಟ್ಟಣದಷ್ಟು ಮಾತ್ರ ಕಲೆಸಬೇಕು. ದುಡ್ಡು ಮುಟ್ಟುವ ಕೈ ತಿಂಡಿ ಮುಟ್ಟಬಾರದು. ಹಾಗಾಗಿ ಒಂದು ಅಂಗಡಿಗೆ ಕನಿಷ್ಠ ಮೂವರು: ಒಬ್ಬರು ಕಲೆಸೋದು, ಒಬ್ಬರು ದುಡ್ಡು ಇಸಕೊಳ್ಳೋದು, ಒಬ್ಬರು ಮಾರಿದ ಪೊಟ್ಟಣಕ್ಕೊಂದರಂತೆ ಪುಸ್ತಕದಲ್ಲಿ ಗೀಟು ಹಾಕೋದು. ಹದಿನಾಲ್ಕು ವರ್ಷದ ಮಕ್ಕಳಿಗೆ ಇಷ್ಟು ಬರಲ್ಲ ಅಂತ ಯಾರು ಹೇಳಿದ್ದು?

ಚಿಲ್ಲರೆಯದ್ದು ಇನ್ನೊಂದು ಗೋಳು. ಬೆಳಗ್ಗೆ ಮೊದಲ ಗಿರಾಕಿಯೇ 100ರ ನೋಟು ಹಿಡಿದು ಬರ್ತಾರೆ. ಪ್ರತಿ ಅಂಗಡಿಗೂ 200 ರೂಪಾಯಿ 5, 10ರ ನಾಣ್ಯದಲ್ಲಿ ಮುಂಗಡ ಕೊಟ್ಟು ಪುಸ್ತಕದ ಮೊದಲ ಸಾಲಿನಲ್ಲೇ ಬರೆಸಬೇಕು. ಬರೆಸದಿದ್ದರೆ ಸಂಜೆ ಆ 200 ವ್ಯಾಪಾರದಲ್ಲಿ ಸೇರಿಹೋಗುತ್ತೆ. ಪೆಟ್ಟಿಗೆಯಲ್ಲಿ 1,340 ಇದ್ದರೆ ವ್ಯಾಪಾರ 1,140 ಅಷ್ಟೇ. ಸಾಮಾನಿಗೆ 700 ಹೋಗಿದ್ದರೆ ಲಾಭ 440. ಇವತ್ತು ಮೈಕಿನಲ್ಲಿ "ಇಷ್ಟು ಸಾವಿರ ಲಾಭ" ಅಂತ ಕೂಗಿದರಲ್ಲ, ಅದರಲ್ಲಿ ಮುಂಗಡ ಕಳೆದಿರಲಿಲ್ಲ, ಸಾಮಾನಿನ ಖರ್ಚೂ ಕಳೆದಿರಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು ಕಾಫಿ ಕುಡಿದರೂ ಇಳಿದಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಕ್ಯೂಆರ್ ಕೋಡ್ ವಿಷಯಾನೂ ಹೇಳಿಬಿಡ್ತೀನಿ. ಅಂಗಡಿಗೊಂದರಂತೆ ಯಾರದೋ ಅಪ್ಪನ ಮೊಬೈಲಿನ ಕೋಡ್ ಅಂಟಿಸಿದ್ದರು. ದುಡ್ಡು ಹತ್ತಾರು ಜನರ ಸ್ವಂತ ಖಾತೆಗೆ ಹೋಯ್ತು. ಯಾರೂ ಮೋಸ ಮಾಡಲ್ಲ, ಸರಿ. ಆದರೆ ಸಂಜೆ ಲೆಕ್ಕ ಹೊಂದಿಸೋದು ಹೇಗೆ? ಅಂಗಡಿಯಲ್ಲಿ ದುಡ್ಡು ಇಸಕೊಳ್ಳೋ ಬದಲು ಕೂಪನ್ ಇಸಕೊಳ್ಳೋದು ಒಳ್ಳೆಯದು. 5, 10ರ ಕೂಪನ್ನಿಗೆ ಕ್ರಮಸಂಖ್ಯೆ ಹಾಕಿ, ಒಂದೇ ಕಡೆ ಮಾರಿ, ಯುಪಿಐ ದುಡ್ಡನ್ನೂ ಅಲ್ಲೇ ಶಾಲೆಯ ಖಾತೆಗೆ ತಗೊಳ್ಳಿ. ಅಂಗಡಿಗಳಲ್ಲಿ ಸೇರಿದ ಕೂಪನ್ನಿನ ಮೊತ್ತ ಕೌಂಟರಿನ ಮೊತ್ತಕ್ಕೆ ತಾಳೆಯಾಗಬೇಕು. ಕೊಂಚ ಕಡಿಮೆ ಬಂದರೆ ಗಾಬರಿ ಬೇಡ, ಖರ್ಚಾಗದ ಕೂಪನ್ ಯಾರದೋ ಜೇಬಲ್ಲಿ ಇರುತ್ತೆ. ಜಾಸ್ತಿ ಬಂದರೆ ಮಾತ್ರ ಹುಡುಕಬೇಕು. ಕೌಂಟರ್ ಒಂದೇ ಇದ್ದರೆ ಇಂಟರ್ವಲ್ಲಿನಲ್ಲಿ ಸಾಲು ಕದಲಲ್ಲ, ಮೂರಾದರೂ ಬೇಕು.

ಸ್ಕೌಟ್ಸ್ ಗೈಡ್ಸ್‌ನಲ್ಲಿ ಇದ್ದವರಿಗೆ ಖರಾ ಕಮಾಯಿ ಗೊತ್ತೇ ಇರುತ್ತೆ. ಸೈಕಲ್ ಒರೆಸಿ, ತೋಟದ ಕಳೆ ಕಿತ್ತು, ತಾನೇ ದುಡಿದು ತಂದದ್ದಕ್ಕೆ ಮಾತ್ರ ಅಲ್ಲಿ ಬೆಲೆ. ಅಪ್ಪನ ಜೇಬಿನಿಂದ ಬಂದದ್ದು ಸಂಪಾದನೆ ಅಲ್ಲ. ಆದರೆ ನವೆಂಬರ್ 7ರ ಧ್ವಜ ದಿನಕ್ಕೆ ಕೊಟ್ಟ ಸ್ಟಿಕ್ಕರ್‌ಗಳನ್ನು ಈಗ ಎಷ್ಟು ಮಕ್ಕಳು ಮನೆಮನೆಗೆ ಹೋಗಿ ಮಾರ್ತಾರೆ? ಅಪ್ಪನೇ ಅಷ್ಟಕ್ಕೂ ದುಡ್ಡು ಕೊಟ್ಟು ಮುಗಿಸ್ತಾರೆ.

"ಎಸ್ಸೆಸ್ಸೆಲ್ಸಿ ಒತ್ತಡ ಇದೆ, ಮಕ್ಕಳಿಗೆ ಟೈಮೆಲ್ಲಿ? ದೊಡ್ಡವರು ಕೈ ಹಾಕಿದರೆ ನಾಲ್ಕು ಕಾಸು ಜಾಸ್ತಿನೂ ಆಗುತ್ತೆ" ಅನ್ನೋರಿದಾರೆ. ಹತ್ತನೇ ಕ್ಲಾಸಿನವರನ್ನು ಬಿಡಿ, ಎಂಟು ಒಂಬತ್ತರವರು ಇಲ್ಲವಾ? ದುಡ್ಡೇ ಮುಖ್ಯ ಆದರೆ ಸಂತೆ ಯಾಕೆ, ಚಂದಾ ಪಟ್ಟಿ ಹಿಡಿದು ಹೊರಟರೆ ಒಂದೇ ಮಧ್ಯಾಹ್ನದಲ್ಲಿ ಕೂಡುತ್ತೆ.

ಕೂಡಿಸಿದ ದುಡ್ಡು ಎಲ್ಲಿ ಹೋಗುತ್ತೆ ನೋಡಿ. ಜೂನ್ 5ರ ಪರಿಸರ ದಿನಕ್ಕೆ 50 ಗಿಡ, ಬ್ಯಾನರ್, ಅತಿಥಿಗಳಿಗೆ ಹಾರ. ಅತಿಥಿ ಕೈಯಲ್ಲಿ ಗಿಡ ಹಿಡಿದು ನಿಂತಾಗ ಗುಂಡಿ ಅರ್ಧ ಅಡಿ ಆಳವೂ ಇರಲ್ಲ. ಉದ್ದ ಅಗಲ ಆಳ ಒಂದೂವರೆ ಅಡಿ ಬೇಕು. ಮೇಲ್ಮಣ್ಣು ಒಂದು ಕಡೆ, ಕೆಳಮಣ್ಣು ಒಂದು ಕಡೆ ಹಾಕಿಟ್ಟು, ಮೇಲ್ಮಣ್ಣಿಗೆ ಗೊಬ್ಬರ ಬೆರೆಸಿ ಬೇರಿನ ಸುತ್ತ ತುಂಬಬೇಕು. ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಲ್ಲಿ ಸೀಳಿ ತೆಗೀಬೇಕು, ಚೀಲದ ಸಮೇತ ಹೂತ ಗಿಡಗಳನ್ನೂ ಕಂಡಿದೀನಿ. ಕೋಲು ನೆಟ್ಟು ಸಡಿಲವಾಗಿ ಕಟ್ಟಬೇಕು. ಇಷ್ಟೆಲ್ಲಾ ಮಾಡಿದರೂ ಗಿಡ ಸಾಯೋದು ಏಪ್ರಿಲ್ ಮೇ ರಜೆಯಲ್ಲಿ, ನೀರು ಹಾಕೋರಿಲ್ಲದೆ. ಅದಕ್ಕೇ 50 ಬೇಡ, 5 ನೆಡಿ. ಶಾಲೆ ಹತ್ತಿರ ಮನೆ ಇರುವ ಎಂಟನೇ ಕ್ಲಾಸಿನ ಮಕ್ಕಳಿಗೆ ವಹಿಸಿ, ಇನ್ನೂ ಎರಡು ಬೇಸಿಗೆ ಅವರು ಅಲ್ಲೇ ಇರ್ತಾರೆ. ರಜೆಗೆ ಮುಂಚೆ ನೀರಿನ ಪಾಳಿ ಬರೆದು ಗೇಟಿನ ಕೀಲಿ ಯಾರ ಹತ್ತಿರ ಅಂತ ತೀರ್ಮಾನಿಸಿ. ಕೀಲಿ ಸಿಗದೆ ಒಣಗಿದ ಗಿಡಗಳಿಗೆ ಲೆಕ್ಕ ಇಲ್ಲ.

ವಿಜ್ಞಾನ ಸ್ಪರ್ಧೆಗಳಲ್ಲೂ ಇದೇ ಕಥೆ. ಶಾಲಾ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿಜ್ಞಾನ ಪ್ರಶಸ್ತಿಯಾದ ಇನ್‌ಸ್ಪೈರ್ ಮಾನಕ್‌ಗೆ ಆಯ್ಕೆಯಾದ ಮಗುವಿನ ಖಾತೆಗೆ 10,000 ರೂಪಾಯಿ ಬರುತ್ತೆ, ಅದರ ಸ್ವಂತ ಯೋಚನೆಯನ್ನು ಮಾದರಿಯಾಗಿ ಮಾಡೋಕೆ. ಅದರಲ್ಲಿ ಯಾರಿಂದಲೋ ಸಿದ್ಧ ಮಾದರಿ ಮಾಡಿಸಿ ತರೋದು ಎಂಥ ಅನ್ಯಾಯ! ಸಿರಿಂಜಿನ ಜೆಸಿಬಿ, ಸೋಡಾ ಪುಡಿಯ ಜ್ವಾಲಾಮುಖಿ ನೋಡಿ ನೋಡಿ ಸಾಕಾಗಿದೆ. 1993ರಿಂದ ನಡೀತಿರುವ ಮಕ್ಕಳ ವಿಜ್ಞಾನ ಸಮಾವೇಶಕ್ಕೆ, ಮಾಡಿದ ಕೆಲಸವನ್ನು ಆಗಾಗಲೇ ಬರೆದಿಟ್ಟ ದಿನಚರಿ ಪುಸ್ತಕ ಬೇಕು. ಹಿಂದಿನ ರಾತ್ರಿ ಕೂತು ಬರೆದದ್ದು ನೋಡಿದ ಕೂಡಲೇ ಗೊತ್ತಾಗುತ್ತೆ: ಮೊದಲಿಂದ ಕೊನೆವರೆಗೆ ಒಂದೇ ಪೆನ್ನು, ಒಂದೇ ಒತ್ತು, ಒಂದು ಅಳತೆಯೂ ತಪ್ಪಿಲ್ಲ. ನಿಜವಾದ ಪುಸ್ತಕದಲ್ಲಿ "ಮಳೆ ಬಂತು, ಅಳೆಯೋಕೆ ಆಗಲಿಲ್ಲ" ಅಂತ ಇರುತ್ತೆ. ಅಂಥ ಪುಸ್ತಕ ಹಿಡಿದು ಬಂದ ಮಗೂನ ಏನು ಕೇಳಿದರೂ ಉತ್ತರ ಕೊಡುತ್ತೆ. ಯಾವ ಮೇಷ್ಟ್ರ ಮುಖಾನೂ ನೋಡಲ್ಲ.

ನವೆಂಬರ್ ಬಂದರೆ ಊರೂರಲ್ಲಿ ಮತ್ತೆ ಸಂತೆ ಶುರು. ನನ್ನ ಸ್ನೇಹಿತರಲ್ಲಿ ಮೇಷ್ಟ್ರುಗಳೂ ಟೀಚರುಗಳೂ ಬಹಳ ಜನ ಇದೀರಿ, ನಿಮಗೇ ಹೇಳ್ತಿರೋದು. ಅಪ್ಪ ಅಮ್ಮಂದಿರನ್ನು ಗಿರಾಕಿಗಳಾಗಿ ಮಾತ್ರ ಕರೀರಿ. ಬಿಸಿ ಎಣ್ಣೆ, ಗ್ಯಾಸ್ ಒಲೆ ಇರುವ ಕಡೆ ದೊಡ್ಡವರೊಬ್ಬರು ಇರಲಿ. ಸಂಜೆ ಇಬ್ಬರು ಮಕ್ಕಳು ಎಣಿಸಲಿ, ಮೂರನೆಯವರು ನೋಟು ಎಷ್ಟು ನಾಣ್ಯ ಎಷ್ಟು ಅಂತ ಬರೀಲಿ, ಆಮೇಲೆ ನೀವು ಸಹಿ ಹಾಕಿ. ಮಾರನೇ ದಿನ ಆ ಹಾಳೆಯನ್ನು ನಷ್ಟದ ಸಮೇತ ನೋಟಿಸ್ ಬೋರ್ಡಿಗೆ ಹಾಕಿ, ನಷ್ಟ ಆದ ಅಂಗಡಿಯ ಮಕ್ಕಳೇ ಯಾಕಾಯ್ತು ಅಂತ ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಮುಂದೆ ಹೇಳಲಿ.