ಮುದಿ ಬೆಕ್ಕಿಗೆ ಕೌದಿ, ಹಕ್ಕಿಗಳಿಗೆ ಹಿತ್ತಲು

ಬೆಳಗಾವಿಯಲ್ಲಿ ಬೆಕ್ಕು ಸಾಕಿದ ಎಲ್ಲ ಮನೆಗಳಿಗೂ ನನ್ನದೊಂದು ಕೋರಿಕೆ. ಈ ಚಳಿ ಮುಗಿಯುವವರೆಗೆ ಬೆಳಗಿನ ಒಂಬತ್ತರವರೆಗೂ ಸಂಜೆ ಐದರ ನಂತರವೂ ನಿಮ್ಮ ಬೆಕ್ಕನ್ನು ಒಳಗೇ ಇಟ್ಟುಕೊಳ್ಳಿ. ಹಕ್ಕಿಗಳ ಜೀವಕ್ಕೂ ಇದು ಬೇಕು, ಬೆಕ್ಕಿನ ಜೀವಕ್ಕೂ ಬೇಕು. ಓಣಿಯಲ್ಲಿ ಈ ಮಾತು ಎತ್ತಿದಾಗಲೆಲ್ಲ ಎರಡೂ ಕಡೆಯವರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಹಕ್ಕಿ ನೋಡುವ ಗೆಳೆಯರು, ಬೆಕ್ಕು ಸಾಕಿಕೊಂಡವರಿಗೆ ಹಕ್ಕಿಯ ಚಿಂತೆ ಯಾಕೆ ಎನ್ನುತ್ತಾರೆ. ಬೆಕ್ಕಿನವರು, ಓಡಾಡುವ ಪ್ರಾಣಿಯನ್ನು ಕೂಡಿಹಾಕುವುದು ಪಾಪ ಎನ್ನುತ್ತಾರೆ. ಇಬ್ಬರಿಗೂ ಇಲ್ಲಿಯೇ ವಿವರವಾಗಿ ಉತ್ತರ ಬರೆಯುತ್ತಿದ್ದೇನೆ.

ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಸಹ್ಯಾದ್ರಿಯ ಸೆರಗಿನಲ್ಲೇ ಇದೆ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಟಿಳಕವಾಡಿಯ ವ್ಯಾಕ್ಸಿನ್ ಡಿಪೊ ಕಡೆ ನಡೆಯಲು ಹೋಗುವವರಿಗೆ ಆ ಮಂಜು ಗೊತ್ತು, ಕಿವಿಗೆ ಮಫ್ಲರ್ ಸುತ್ತಿಕೊಂಡು ಹಾಲಿನ ಪಾಕೀಟಿಗೆ ನಿಲ್ಲುವವರಿಗೂ ಗೊತ್ತು. ನಮಗೆ ಸ್ವೆಟರ್ ಇದೆ, ಕೌದಿ ಇದೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇದೆ. ಹತ್ತು ಗ್ರಾಂ ಕೂಡ ತೂಗದ ಒಂದು ಸಿಂಪಿಗ ಹಕ್ಕಿಗೆ ಇರುವುದು ಮೈಮೇಲಿನ ಗರಿ ಮತ್ತು ಹಗಲಿನಲ್ಲಿ ತಿಂದ ಹುಳು, ಅಷ್ಟೇ.

ಹಕ್ಕಿಯ ಮೈ ನಮ್ಮದಕ್ಕಿಂತ ಬಿಸಿ, ನಲವತ್ತು ಡಿಗ್ರಿಗೂ ಮೇಲೆ. ಮೈ ಚಿಕ್ಕದಾದಷ್ಟೂ ಕಾವು ಬೇಗ ಸೋರಿಹೋಗುತ್ತದೆ. ಆ ಕಾವನ್ನು ಇಡೀ ರಾತ್ರಿ ಉಳಿಸಿಕೊಳ್ಳಲು ಬೇಕಾದದ್ದನ್ನೆಲ್ಲ ಅದು ಹಗಲಿನಲ್ಲೇ ತಿಂದು ಮುಗಿಸಬೇಕು. ಜೂನ್ ತಿಂಗಳಲ್ಲಿ ಬೆಳಗಾವಿಗೆ ಸುಮಾರು ಹದಿಮೂರು ಗಂಟೆಯ ಹಗಲು ಸಿಕ್ಕರೆ, ಡಿಸೆಂಬರ್ ಕೊನೆಯಲ್ಲಿ ಹನ್ನೊಂದಕ್ಕಿಂತ ಸ್ವಲ್ಪವೇ ಹೆಚ್ಚು. ರಾತ್ರಿ ಉದ್ದವಾಗುತ್ತದೆ, ಉಣ್ಣುವ ಹೊತ್ತು ಕಡಿಮೆಯಾಗುತ್ತದೆ. ಆದ್ದರಿಂದ ಸೂರ್ಯ ಮೂಡಿದ ಮೇಲಿನ ಮೊದಲ ಎರಡು ಗಂಟೆ ಹಕ್ಕಿಗೆ ಬಹಳ ದೊಡ್ಡದು. ರಾತ್ರಿಯೆಲ್ಲ ಕೂಡಿಟ್ಟ ಕೊಬ್ಬನ್ನು ಸುಟ್ಟುಕೊಂಡು ಹಸಿದು ಎದ್ದಿರುತ್ತದೆ, ನೆಲಕ್ಕಿಳಿದು ತಿನ್ನಲೇಬೇಕು. ಅದೇ ಹೊತ್ತಿಗೆ ಒಂದು ಬೆಕ್ಕು ದಾಸವಾಳದ ಬುಡದಲ್ಲಿ ಕುಳಿತಿದ್ದರೆ ಹಕ್ಕಿ ಮಾಡುವುದಾದರೂ ಏನು? ಹಾರಿಹೋದರೆ ಹಸಿವು, ಇಳಿದರೆ ಉಗುರು. ಬೆಕ್ಕು ಒಂದನ್ನೂ ಹಿಡಿಯದಿದ್ದರೂ ಆ ಬೆಳಗಿನ ಊಟವನ್ನಂತೂ ಕೆಡಿಸಿತು.

ನಮ್ಮ ಹಿತ್ತಲಿಗೆ ಬರುವವರಲ್ಲಿ ಹರಟೆಮಲ್ಲಗಳನ್ನು ನೋಡುವುದೇ ನನಗೆ ಎಲ್ಲಕ್ಕಿಂತ ಇಷ್ಟ. ಚಳಿಯ ಸಂಜೆ ಪೇರಲ ಗಿಡದ ಒಂದೇ ಟೊಂಗೆಯ ಮೇಲೆ ಒಂದರ ಪಕ್ಕ ಒಂದು ಒತ್ತಿಕೊಂಡು ಕೂರುತ್ತವೆ. ಎಲ್ಲವೂ ಗರಿ ಉಬ್ಬಿಸಿಕೊಂಡಿರುವುದರಿಂದ ಯಾವ ಕತ್ತು ಯಾವುದರದ್ದು ಎಂದು ತಿಳಿಯುವುದಿಲ್ಲ. ಅಂಚಿನಲ್ಲಿ ಕುಳಿತದ್ದಕ್ಕೆ ಒಂದು ಮಗ್ಗುಲು ಗಾಳಿ ಹೊಡೆಯುತ್ತದೆ. ಸ್ವಲ್ಪ ಹೊತ್ತು ತಾಳಿಕೊಂಡು, ಆಮೇಲೆ ಉಳಿದವುಗಳ ಬೆನ್ನು ತುಳಿದುಕೊಂಡೇ ಬಂದು ನಡುವೆ ತೂರಿಕೊಳ್ಳುತ್ತದೆ. ಯಾವುದೂ ಅದನ್ನು ಕುಕ್ಕಿ ಓಡಿಸುವುದಿಲ್ಲ. ಮಡಿವಾಳ ಹಕ್ಕಿಗೆ ಈ ಸೌಕರ್ಯವಿಲ್ಲ, ಅದು ಒಂಟಿ. ನುಗ್ಗೆಯ ಹೂವಿಗೆ ಸೂರಕ್ಕಿಗಳು ಬರುತ್ತವೆ. ಎಲೆಯ ಬಣ್ಣದ ಪುಟ್ಟ ಉಲಿಯಕ್ಕಿಯೊಂದು, ಗ್ರೀನಿಶ್ ವಾರ್ಬ್ಲರ್ ಎನ್ನುವುದು, ಹಿಮಾಲಯ, ಮಧ್ಯ ಏಷ್ಯಾ, ಸೈಬೀರಿಯಾದ ಕಾಡುಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ನುಗ್ಗೆ, ಮಾವಿನ ಮರಗಳಿಗೆ ಬರುತ್ತದೆ. ಬಂದು ತನ್ನದೆಂದು ಒಂದಿಷ್ಟು ಜಾಗ ಹಿಡಿದು, ಇನ್ನೊಂದು ಬಾರದಂತೆ ಕೂಗಿ ಕೂಗಿ ಕಾಯುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಇಳಿಯುವ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಲು ಬಾಗಲಕೋಟೆಯವರೆಗೆ ಕಾರಿನಲ್ಲಿ ಹೋಗುವ ನಾವು, ಅದೇ ಹಿಮಾಲಯ ದಾಟಿ ಬಂದ ಬೆರಳುದ್ದದ ಅತಿಥಿ ಅಡುಗೆಮನೆಯ ಕಿಟಕಿಯ ಎದುರೇ ಇರುವುದನ್ನು ಗಮನಿಸುವುದಿಲ್ಲ.

ಇನ್ನು ನಮ್ಮ ಬಂಗಾರಿ. ಹದಿನೈದು ದಾಟಿದ ಹಳದಿ ಪಟ್ಟೆಯ ಬೆಕ್ಕು, ಮನುಷ್ಯರ ಲೆಕ್ಕದಲ್ಲಿ ಎಪ್ಪತ್ತೈದು ಮೀರಿದ ಅಜ್ಜಿ. ಮನೆಯಲ್ಲಿ ಅವಳ ಮಾತೇ ನಡೆಯುತ್ತದೆ, ನಡೆಯಲಿ ಎಂಬುದೇ ನನ್ನ ಅಭಿಪ್ರಾಯ. ನಮ್ಮ ಅವ್ವ ಹೊಲಿದ ಹಳೆಯ ಕೌದಿಯೊಂದು ಅವಳಿಗೇ ಮೀಸಲು. ಬಿಸಿಲು ಕಿಟಕಿಯಿಂದ ಕಿಟಕಿಗೆ ಸರಿದಂತೆ ಕೌದಿಯನ್ನೂ ಸರಿಸುತ್ತೇವೆ. ಮುದಿ ಬೆಕ್ಕನ್ನು ಮುದ್ದು ಮಾಡಿ ಕೆಡಿಸುತ್ತೀರಿ ಎನ್ನುವವರಿಗೆ ಒಂದು ಸಂಗತಿ ಗೊತ್ತಿರಲಿ. ಬೆಕ್ಕಿನ ಮೈಗೆ ಸುಖವೆನಿಸುವ ಹವೆ ನಮ್ಮದಕ್ಕಿಂತ ಹೆಚ್ಚಿನದು. ಸುತ್ತಲಿನ ಗಾಳಿ ಮೂವತ್ತು ಡಿಗ್ರಿಗಿಂತ ಕೆಳಗಿಳಿದರೆ ಮೈಯ ಕಾವು ಕಾಯ್ದುಕೊಳ್ಳಲು ಅದು ಹೆಚ್ಚು ಶಕ್ತಿ ಖರ್ಚು ಮಾಡಬೇಕಾಗುತ್ತದೆ. ನಮಗೆ ಹಿತವಾದ ಬೆಳಗಾವಿಯ ಮಧ್ಯಾಹ್ನವೂ ಚಳಿಗಾಲದಲ್ಲಿ ಅದಕ್ಕೆ ತಂಪೇ. ವಯಸ್ಸಾದ ಬೆಕ್ಕುಗಳಲ್ಲಿ ಕೀಲುನೋವು, ಮೂತ್ರಪಿಂಡದ ತೊಂದರೆ ಬಹಳ ಸಾಮಾನ್ಯ. ಮಂಚಕ್ಕೆ ಹಾರುವ ಮುನ್ನ ಎರಡು ಸಲ ಅಳೆದು ನೋಡುತ್ತಿದ್ದರೆ, ನೀರು ಹೆಚ್ಚು ಕುಡಿಯುತ್ತಿದ್ದರೆ, ಬೆನ್ನಿನ ಕೂದಲು ನೆಕ್ಕಿಕೊಳ್ಳದೆ ಗಂಟುಕಟ್ಟಿದ್ದರೆ, ವಯಸ್ಸಾಯಿತು ಎಂದು ಬಿಡಬೇಡಿ, ಪಶುವೈದ್ಯರಿಗೆ ತೋರಿಸಿ. ನಿಮ್ಮ ಮನೆಯ ನೋವಿನ ಗುಳಿಗೆಯನ್ನಂತೂ ಮುಟ್ಟಿಸಲೇಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಬೆಚ್ಚಗಿರಲಿ ಎಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಶೇಗಡಿಯನ್ನೂ ಇಡಬೇಡಿ, ಅದು ಬೆಕ್ಕಿಗೂ ಮನುಷ್ಯರಿಗೂ ಅಪಾಯ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಟ್ಟರೆ ಸಾಕು.

ಹೊರಗೆ ಬಿಟ್ಟ ಬೆಕ್ಕು ಚಳಿಗೆ ಎಲ್ಲಿ ಹೋಗುತ್ತದೆ ಗೊತ್ತೇ? ಆಗಷ್ಟೇ ನಿಲ್ಲಿಸಿದ ಕಾರಿನ ಎಂಜಿನ್ ಬಿಸಿಗೆ ಬಾನೆಟ್ಟಿನೊಳಗೆ ತೂರಿಕೊಳ್ಳುತ್ತದೆ. ಬೆಳಗ್ಗೆ ಕಾರು ತೆಗೆಯುವ ಮುನ್ನ ಬಾನೆಟ್ಟನ್ನು ಎರಡು ಸಲ ಜೋರಾಗಿ ತಟ್ಟಿ. ಈ ಒಂದು ಮಾತನ್ನು ಬೆಕ್ಕು ಸಾಕದವರೂ ನೆನಪಿಡಬೇಕು.

"ನಿಮ್ಮ ಬಂಗಾರಿ ಮುದುಕಿ, ಅವಳೇನು ಹಕ್ಕಿ ಹಿಡಿಯುತ್ತಾಳೆ, ಬಿಡಿ ವೈನಿ" ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಬೆಕ್ಕು ಓಡಿ ಹಿಡಿಯುವುದಕ್ಕಿಂತ ಕಾದು ಹಿಡಿಯುವ ಪ್ರಾಣಿ, ಕಾಯುವುದಕ್ಕೆ ಮುಪ್ಪು ಅಡ್ಡಿ ಬರುವುದಿಲ್ಲ. ಕಿಟಕಿಯ ಜಾಳಿಗೆಯ ಈಚೆ ಬಂಗಾರಿ ಕುಳಿತಾಗ ನೋಡಬೇಕು. ಹೊರಗೆ ಗುಬ್ಬಿ ಇಳಿದ ಕ್ಷಣಕ್ಕೆ ಕಿವಿ ಎರಡೂ ಮುಂದಕ್ಕೆ ತಿರುಗುತ್ತವೆ, ಬಾಲದ ತುದಿ ಮಾತ್ರ ಅಲ್ಲಾಡುತ್ತದೆ, ಕೆಳದವಡೆ ನಡುಗಿ ಹಲ್ಲುಗಳು ಕಟಕಟ ಎನ್ನುತ್ತವೆ. ಮೊಣಕಾಲು ನೋವಿನ ಅಜ್ಜಿ ಆಗ ಎಲ್ಲೂ ಕಾಣುವುದಿಲ್ಲ. ಹಕ್ಕಿಗಳಿಗೆ ಇದು ಚೆನ್ನಾಗಿ ಗೊತ್ತು. ಯಾವುದಾದರೂ ಬೆಕ್ಕು ಕಂಪೌಂಡ್ ಹತ್ತಿದರೆ ಸಾಕು, ಮೊದಲು ಸಿಂಪಿಗ ಕೂಗುತ್ತದೆ, ಆಮೇಲೆ ಪಿಕಳಾರ, ಆಮೇಲೆ ಹರಟೆಮಲ್ಲಗಳ ಇಡೀ ಪಟಾಲಮ್ಮು. ಬೆಕ್ಕಿನ ವಯಸ್ಸು ಕೇಳಿ ಅವು ಕೂಗುವುದಿಲ್ಲ.

ಹೋದ ಚಳಿಗಾಲದಲ್ಲಿ ನಮ್ಮ ಓಣಿಯ ಹುಡುಗನೊಬ್ಬ ಎರಡೂ ಅಂಗೈ ಮುಚ್ಚಿಕೊಂಡು ಓಡಿ ಬಂದ. ಬೆಕ್ಕಿನ ಬಾಯಿಂದ ಬಿಡಿಸಿದ ಪಿಕಳಾರ. "ಕಾಕು, ಗಾಯವೇ ಆಗಿಲ್ಲ, ಬದುಕುತ್ತದೆ ಅಲ್ಲವೇ?" ಎಂದ. ರಕ್ತದ ಹನಿ ಇರಲಿಲ್ಲ, ಕಣ್ಣು ತೆರೆದೇ ಇತ್ತು, ಬಾಲದ ಬುಡದ ಕೆಂಪು ಹೊಳೆಯುತ್ತಿತ್ತು. ಮರುದಿನ ಸತ್ತುಹೋಯಿತು. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಸೂಜಿಯಂಥ ಹಲ್ಲು ಚುಚ್ಚಿದ ಗುರುತು ಗರಿಯೊಳಗೆ ಕಾಣುವುದಿಲ್ಲ, ಆದರೆ ನಂಜು ರಕ್ತಕ್ಕೆ ಏರುತ್ತದೆ. ಬೆಕ್ಕಿನ ಬಾಯಿಗೆ ಸಿಕ್ಕ ಹಕ್ಕಿಯನ್ನು ಗಾಯ ಕಾಣದಿದ್ದರೂ ತಡಮಾಡದೆ ವೈದ್ಯರ ಬಳಿ ಒಯ್ಯಬೇಕು, ಪ್ರತಿಜೀವಕ ಬೇಕೇಬೇಕು. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ, ಕತ್ತಲಲ್ಲಿ, ಬೆಚ್ಚಗೆ ಇಟ್ಟು ಒಯ್ಯಿರಿ, ಬಾಯಿಗೆ ನೀರು ಹಾಕಬೇಡಿ.

"ಅದು ಪ್ರಕೃತಿ, ನಾವು ಯಾಕೆ ನಡುವೆ ಬರಬೇಕು" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಾಡಿನಲ್ಲಿ ಬೇಟೆ ಕಡಿಮೆಯಾದರೆ ಬೇಟೆಗಾರ ಪ್ರಾಣಿಯೂ ಕಡಿಮೆಯಾಗುತ್ತದೆ. ನಮ್ಮ ಬೆಕ್ಕಿಗೆ ಮನೆಯಲ್ಲಿ ಬಟ್ಟಲು ತುಂಬಿದೆ, ಹಿತ್ತಲಿನಲ್ಲಿ ಒಂದೇ ಒಂದು ಹಕ್ಕಿ ಉಳಿದರೂ ಅದರ ಊಟಕ್ಕೆ ಕುಂದಿಲ್ಲ. ನಾವು ಉಣಿಸಿ, ಔಷಧ ಕೊಡಿಸಿ, ಕೌದಿಯ ಮೇಲೆ ಮಲಗಿಸಿ ಬೆಳೆಸಿದ ಪ್ರಾಣಿಯ ಹೊಣೆಯೂ ನಮ್ಮದೇ. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು, ಹೆಚ್ಚಿನ ಪಾಲು ಒಡೆಯರಿಲ್ಲದ ಬೆಕ್ಕುಗಳದ್ದು. ಆ ದೇಶ ಬೇರೆ, ನಮ್ಮ ಓಣಿ ಬೇರೆ. ಆದರೂ ಸಾಕಿದ ಬೆಕ್ಕನ್ನು ಮರಿ ಹಾಕಲು ಬಿಟ್ಟು, ಮರಿಗಳನ್ನು ಚೀಲದಲ್ಲಿ ಒಯ್ದು ಮಾರುಕಟ್ಟೆಯ ಮಗ್ಗುಲಲ್ಲಿ ಬಿಟ್ಟುಬರುವವರು ನಮ್ಮಲ್ಲೂ ಇದ್ದಾರೆ. ಒಡೆಯರಿಲ್ಲದ ಬೆಕ್ಕುಗಳನ್ನು ಹುಟ್ಟಿಸುವವರು ಇವರೇ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ.

ಬೆಕ್ಕಿನ ಊಟದ ವಿಷಯ ಬಂದರೆ ನಮ್ಮ ಕಡೆಯ ಶಾಕಾಹಾರಿ ಮನೆಗಳಲ್ಲಿ ಹಾಲು ರೊಟ್ಟಿ ಹಾಕಿ ಬಿಡುವುದೇ ರೂಢಿ. ನಮ್ಮದೂ ಶಾಕಾಹಾರಿ ಮನೆಯೇ, ಆದರೆ ಬೆಕ್ಕು ಶಾಕಾಹಾರಿಯಲ್ಲ. ಟಾರಿನ್ ಎಂಬ ಪೋಷಕಾಂಶವನ್ನು ಅದರ ಮೈ ಸಾಕಷ್ಟು ತಯಾರಿಸಿಕೊಳ್ಳಲಾರದು, ಮಾಂಸದಿಂದಲೇ ಸಿಗಬೇಕು. ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲೂ ಸರಿಯಾಗಿ ಜೀರ್ಣವಾಗುವುದಿಲ್ಲ. ಇದಕ್ಕೂ ಹಕ್ಕಿಗೂ ನೇರ ನಂಟಿದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 355 ಸಾಕು ಬೆಕ್ಕುಗಳ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಂಸದ ಪ್ರೋಟೀನ್ ಹೆಚ್ಚಿರುವ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ಹಿಡಿದು ತರುವ ಬೇಟೆ ಶೇಕಡಾ 36ರಷ್ಟು ಇಳಿಯಿತು. ದಿನಕ್ಕೆ ಐದು ಹತ್ತು ನಿಮಿಷ ಅದರೊಡನೆ ಆಟ ಆಡಿದಾಗ ಶೇಕಡಾ 25ರಷ್ಟು ಇಳಿಯಿತು. ಬಂಗಾರಿಗೆ ಬೆಕ್ಕಿನದೇ ಪಾಕೀಟಿನ ಆಹಾರ ತರುತ್ತೇವೆ. ಬೆಳಗ್ಗೆ ಕದ ಮುಚ್ಚಿಟ್ಟ ಹೊತ್ತಿನಲ್ಲಿ ಮಗಳು ಕಡ್ಡಿಗೆ ಕಟ್ಟಿದ ದಾರವನ್ನು ಎಳೆಯುತ್ತಾಳೆ, ಮಲಗಿದಲ್ಲಿಂದಲೇ ಅವಳು ಪಂಜ ಬೀಸುತ್ತಾಳೆ. ಆ ಆಟವಾದ ಮೇಲೆ ಕದದ ಬಳಿ ಕೂಗುವುದೂ ಕಡಿಮೆಯಾಗಿದೆ.

ಬೆಕ್ಕನ್ನು ಒಳಗಿಟ್ಟರೆ ಇಲಿ ಹಿಡಿಯುವವರು ಯಾರು ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ನ್ಯೂಯಾರ್ಕಿನ ಒಂದು ಕಸ ವಿಂಗಡಣೆ ಘಟಕದಲ್ಲಿ 79 ದಿನ ಕ್ಯಾಮೆರಾ ಇಟ್ಟು ನೋಡಿದಾಗ ಅಲ್ಲಿನ ಬೀದಿ ಬೆಕ್ಕುಗಳು ಕೊಂದ ಇಲಿ ಎರಡೇ ಎಂದು 2018ರಲ್ಲಿ ವರದಿಯಾಯಿತು. ಜೋಳದ ಡಬ್ಬಿಗೆ ಬಿಗಿ ಮುಚ್ಚಳ ಹಾಕಿ, ಮೋರಿಗೆ ಜಾಳಿಗೆ ಹಾಕಿ. ಮುದಿ ಬೆಕ್ಕಿಗೆ ಹೆಗ್ಗಣದೊಡನೆ ಕಾದಾಡುವ ಕೆಲಸ ಬೇಡ.

ಹಕ್ಕಿಗೆ ಕಾಳು ಹಾಕುವವರಿಗೂ ಒಂದು ಮಾತು. ಕಾಳು ಚೆಲ್ಲಿ ಬೆಕ್ಕನ್ನೂ ಹೊರಗೆ ಬಿಟ್ಟರೆ ಹಕ್ಕಿಯನ್ನು ಕರೆದು ಕೊಲ್ಲಿಸಿದಂತೆಯೇ. ತಟ್ಟೆಯನ್ನು ಎತ್ತರದಲ್ಲಿ, ಬೆಕ್ಕು ಅಡಗಲು ಪೊದೆಯಿಲ್ಲದ ಬಯಲಿನಲ್ಲಿ ಇಡಿ. ಉಳಿದ ಚಿವಡಾ, ಉಪ್ಪು ಹಾಕಿದ ಚುರುಮುರಿ ಬೇಡ. ಸಜ್ಜೆ, ನವಣೆ, ಜೋಳದ ನುಚ್ಚು ಒಳ್ಳೆಯದು, ಪಿಕಳಾರಕ್ಕೆ ಒಂದು ಹೋಳು ಪಪ್ಪಾಯಿ. ಸೂರಿನ ಕೆಳಗೆ ಜೋಳದ ತೆನೆ ತೂಗುಹಾಕಿದರೆ ಗುಬ್ಬಿ ಜೋತುಬಿದ್ದು ತಿನ್ನುತ್ತದೆ, ಪಾರಿವಾಳಕ್ಕೆ ಅದು ಕಷ್ಟ. ನೀರಿನ ಬಟ್ಟಲನ್ನು ದಿನವೂ ತಿಕ್ಕಿ ತೊಳೆಯಬೇಕು. ಆದರೆ ಹುಳು ತಿನ್ನುವ ಹಕ್ಕಿಗಳೇ ಹೆಚ್ಚು, ಅವಕ್ಕೆ ಕಾಳು ಬೇಡ, ಕಸದ ಎಲೆ ಬೇಕು. ಚಳಿಗೆಂದು ತರಗೆಲೆ ಗುಡಿಸಿ ಬೆಂಕಿ ಹಚ್ಚುವುದನ್ನು ದಯವಿಟ್ಟು ನಿಲ್ಲಿಸಿ. ಆ ಎಲೆಯ ಅಡಿಯಲ್ಲೇ ಮಡಿವಾಳ ಹಕ್ಕಿಯ ಬೆಳಗಿನ ಊಟ ಇರುತ್ತದೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಜನ ನಾವು. ಭೂತಾಯಿಗೆಂದು ಚೆಲ್ಲಿದ್ದನ್ನು ಹಕ್ಕಿ, ಹುಳು, ಇರುವೆ ತಿನ್ನುತ್ತವೆ ಎಂದು ಗೊತ್ತಿದ್ದೇ ಚೆಲ್ಲುತ್ತೇವೆ. ಹಿತ್ತಲಿನ ಒಂದು ಮೂಲೆಯಲ್ಲಿ ಎಲೆ ಬಿದ್ದಿರಲು ಬಿಡುವುದು ಅದಕ್ಕಿಂತ ಬೇರೆಯಲ್ಲ.

ಬಂಗಾರಿ ಒಂಬತ್ತರ ನಂತರ ನನ್ನೊಡನೆ ಅಂಗಳಕ್ಕೆ ಬಂದು ಬಿಸಿಲಿಗೆ ಮಲಗುತ್ತಾಳೆ. ನಾನು ಕಾಯಿಪಲ್ಲೆ ಸೋಸುವವರೆಗೆ ಅವಳ ಬಿಸಿಲು, ನಾನು ಎದ್ದರೆ ಅವಳೂ ಒಳಗೆ. ಹೆಚ್ಚಿನ ಖರ್ಚಿಲ್ಲ, ಸ್ವಲ್ಪ ಹೊತ್ತು ಕೊಡಬೇಕು ಅಷ್ಟೇ. ಚಳಿ ಶಿವ ಶಿವ ಎಂದು ಹೋಗುವ ಶಿವರಾತ್ರಿಯವರೆಗಾದರೂ ನೀವೂ ಇದನ್ನು ಮಾಡಿ ನೋಡಿ. ನಿಮ್ಮ ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರದಿದ್ದರೆ ಈ ತಿಂಗಳೇ ಮಾಡಿಸಿ. ಒಬ್ಬರೇ ಒಯ್ಯಲು ಅಳುಕಾಗುವ ಟಿಳಕವಾಡಿ, ಹಿಂದವಾಡಿ ಕಡೆಯವರು ನನಗೆ ಸಂದೇಶ ಕಳಿಸಿ. ಬುಟ್ಟಿ ನಮ್ಮಲ್ಲಿದೆ, ಜೊತೆಗೆ ನಾನೂ ಬರುತ್ತೇನೆ.