18,000ದ ಮೆಷಿನ್ನು, ಐದು ರೂಪಾಯಿ ಚೌಕಾಶಿ

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಿಂದ ಈಗಷ್ಟೇ ಬಂದೆ. ತರಕಾರಿ ಚೀಲ ಇನ್ನೂ ಬಿಚ್ಚಿಲ್ಲ. ಮೊದಲು ಇದನ್ನ ಬರೆದು ಹೊಟ್ಟೆ ತಣ್ಣಗೆ ಮಾಡ್ಕೋತೀನಿ.

ನನ್ನ ಪಕ್ಕ ಒಬ್ಬರು ವಾಕಿಂಗ್ ಶೂನಲ್ಲೇ ನಿಂತು ಸೋರೆಕಾಯಿ ಆರಿಸ್ತಿದ್ರು. ಮನೇಲೇ ತರಕಾರಿ ಜ್ಯೂಸ್ ಶುರು ಮಾಡೋಕೆ ಅಂತ 18,000 ಕೊಟ್ಟು ಮೆಷಿನ್ ತರಿಸಿದ್ದಾರಂತೆ. ನಿಮಿಷಕ್ಕೆ ಐವತ್ತೇ ಸುತ್ತು ತಿರುಗುತ್ತಂತೆ, ನಿಧಾನಕ್ಕೆ ತಿರುಗಿದ್ರೆ ರಸ ಬಿಸಿಯಾಗಲ್ಲವಂತೆ. ಸಂತೋಷ. ಆಮೇಲೆ ಶುರುವಾಯ್ತು ನೋಡಿ, ಕಾಯಿ ಮಾರೋ ಅಮ್ಮನ ಹತ್ರ ಐದು ರೂಪಾಯಿಗೆ ಜಗಳ. ಆರಿಸಿದ್ದಾದ್ರೂ ಎಂಥದ್ದು? ಉಗುರೂ ಇಳಿಯದ ಬಲಿತ ಕಾಯಿ. "ಸರ್, ಜ್ಯೂಸ್‌ಗಾದ್ರೆ ಒಂದು ಚೂರು ಕಚ್ಚಿ ನೋಡಿ ಹಾಕಿ" ಅಂದೆ. "ಕಹಿ ಇದ್ರೆ ಇನ್ನೂ ಒಳ್ಳೇದು ಬಿಡಿ ಮೇಡಂ" ಅಂತ ನಕ್ಕೊಂಡು ಹೋದ್ರು.

ಒಳ್ಳೇದಂತೆ! 2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿ ಸೋರೆಕಾಯಿ, ಹಾಗಲಕಾಯಿ ಜ್ಯೂಸ್ ಬೆರೆಸಿ ಕುಡಿದು ತೀರಿಕೊಂಡರು. ವಿಜ್ಞಾನಿ ಸ್ವಾಮಿ, ನಮ್ಮ ನಿಮ್ಮಂಥವರಲ್ಲ. ಅದಾದ ಮೇಲೆ ಐಸಿಎಂಆರ್, ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಸಮಿತಿ ಕೂರಿಸಿ, ಇಂಥ ಪ್ರಕರಣಗಳನ್ನೆಲ್ಲ ನೋಡಿಸ್ತು. ಸೋರೆ, ಸೌತೆ ಜಾತಿಯ ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಅನ್ನೋ ಕಹಿ ಪದಾರ್ಥ ಒಮ್ಮೊಮ್ಮೆ ಮಿತಿಮೀರಿ ಬೆಳೆಯುತ್ತೆ. ಕುಡಿದ ಸ್ವಲ್ಪ ಹೊತ್ತಿಗೇ ವಾಂತಿ, ಭೇದಿ. ಕೆಲವರಿಗೆ ರಕ್ತವಾಂತಿ, ಬಿಪಿ ಪಾತಾಳಕ್ಕೆ. ಅದಕ್ಕೆ ಪ್ರತಿಮದ್ದು ಇಲ್ಲ. ಸಮಿತಿ ಹೇಳಿದ್ದು ಸರಳ: ಜ್ಯೂಸ್ ಮಾಡೋ ಮೊದಲು ಚೂರು ರುಚಿ ನೋಡಿ, ಕಹಿ ಇದ್ರೆ ಬಿಸಾಕಿ, ಬೇರೆ ಜ್ಯೂಸ್ ಜೊತೆ ಬೆರೆಸಬೇಡಿ. ಹಾಗಲ ಬೆರೆಸಿದ್ರೆ ಯಾವ ಕಹಿ ಯಾರದ್ದು ಅಂತ ನಾಲಿಗೆಗೆ ಹೇಗೆ ಗೊತ್ತಾಗ್ಬೇಕು?

ಐವತ್ತು ಸುತ್ತಿನ ಕಥೆ ಹೇಳಿ ಮೆಷಿನ್ ಮಾರಿದವರು ಇದನ್ನ ಹೇಳಿದ್ರಾ? ಇಲ್ಲ. ಹೇಳಬಲ್ಲ ಅಮ್ಮ ಎದುರಿಗೇ ಕೂತಿದ್ರು. ಅವರ ಹತ್ರ ಚೌಕಾಶಿ ಬಿಟ್ಟು ಬೇರೆ ಮಾತೇ ಇಲ್ಲ.

ನಮ್ಮಪ್ಪ ಅದೇ ಮಾರ್ಕೆಟ್ಟಿನಲ್ಲಿ ಗೋಣಿಚೀಲ ಹಾಸಿ ಕೂತವರು ಅಂತ ನಿಮಗೆಲ್ಲ ಗೊತ್ತೇ ಇದೆ. ಸೌತೆಕಾಯಿ ಮುರಿದು ಒಂದು ಚೂರು ಗಿರಾಕಿ ಕೈಗೆ ಕೊಡದೆ ತಕ್ಕಡಿ ಎತ್ತುತ್ತಿರಲಿಲ್ಲ. ಹಾಗಾಗಿ ಈ ಕೋಪದಲ್ಲಿ ಆರೋಗ್ಯದ ಕಾಳಜಿ ಕಾಲುಭಾಗ, ಮಿಕ್ಕಿದ್ದೆಲ್ಲ ಅಪ್ಪನ ಮಗಳ ಹೊಟ್ಟೆಯುರಿ. ಒಪ್ಕೊಂಡುಬಿಡ್ತೀನಿ.

ಜ್ಯೂಸ್ ಶುರು ಮಾಡೋಕೆ ನಿಮ್ಮನೆ ಮಿಕ್ಸಿ ಸಾಕು. ಚಟ್ನಿ ರುಬ್ಬೋ ಅದೇ ಮಿಕ್ಸಿ. ಎಳೇ ಸೌತೆಕಾಯಿ ಅಥವಾ ಬೂದುಗುಂಬಳ, ಜೊತೆಗೆ ಒಂದು ಕ್ಯಾರೆಟ್. ಚೆನ್ನಾಗಿ ತೊಳೆದು, ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಬೆರಳಗಲ ಶುಂಠಿ ಹಾಕಿ, ಅರ್ಧ ಲೋಟ ನೀರಲ್ಲಿ ರುಬ್ಬಿ. ತೆಳು ಪಂಚೆ ಬಟ್ಟೆಯಲ್ಲಿ ಹಿಂಡಿ. ನಿಂಬೆರಸ, ಚಿಟಿಕೆ ಉಪ್ಪು. ಬೂದುಗುಂಬಳದಲ್ಲಿ ನೂರಕ್ಕೆ 95 ಪಾಲಿಗಿಂತ ಹೆಚ್ಚು ನೀರೇ, ಅದಕ್ಕೆ ನೀರೂ ಬೇಡ. ಶುರುವಿಗೆ ಸಣ್ಣ ಲೋಟ ಸಾಕು, ಮಾಡಿದ ಕೂಡಲೇ ಕುಡೀರಿ. ರಾತ್ರಿ ಮಾಡಿ ಫ್ರಿಜ್ಜಲ್ಲಿಟ್ಟು ಬೆಳಿಗ್ಗೆ ಕುಡಿಯೋದಾದ್ರೆ ಯಾಕೆ ಬೇಕು ಈ ಶ್ರಮ? ಬೀಟ್ರೂಟ್ ಆಮೇಲೆ, ಸ್ವಲ್ಪವೇ. ಕುಡಿದ ಮೇಲೆ ಮೂತ್ರ ಕೆಂಪಾದ್ರೆ ಗಾಬರಿಯಾಗಿ ನನಗೆ ಫೋನ್ ಮಾಡಬೇಡಿ, ಬಹಳಷ್ಟು ಸಲ ಅದು ಬೀಟ್ರೂಟಿನ ಬಣ್ಣವೇ. ಕಿಡ್ನಿ ಕಲ್ಲು ಇದ್ದೋರು ಮಾತ್ರ ಬೀಟ್ರೂಟ್, ಪಾಲಕ್ ಎರಡಕ್ಕೂ ಡಾಕ್ಟರನ್ನ ಕೇಳ್ಕೊಳ್ಳಿ, ಕಲ್ಲು ಕಟ್ಟೋಕೆ ಕಾರಣವಾಗೋ ಆಕ್ಸಲೇಟ್ ಅವುಗಳಲ್ಲಿ ಜಾಸ್ತಿ. ಇನ್ನು ನಮ್ಮ ಹಾಸನದೋರು ಆಲೂಗಡ್ಡೆ ಬಿಡ್ತೀವಾ? ಗ್ಯಾಸ್ಟ್ರಿಕ್ಕಿಗೆ ಅಂತ ಹಸಿ ಆಲೂಗಡ್ಡೆ ರಸ ಕುಡಿಯೋರೂ ಇದ್ದಾರೆ. ಹಸಿರು ತಿರುಗಿದ, ಮೊಳಕೆ ಬಂದ ಗಡ್ಡೆಯಲ್ಲಿ ಸೋಲನೈನ್ ಅನ್ನೋ ವಿಷ ಇರುತ್ತೆ ಮಾರಾಯ್ರೆ. ಪಲ್ಯ ಮಾಡ್ಕೊಂಡು ತಿನ್ನಿ, ಅದೂ ಒಳ್ಳೇ ಗಡ್ಡೇದು.

"ಮಿಕ್ಸಿ ಬಿಸಿಯಾಗಿ ಎನ್‌ಜೈಮ್ ಎಲ್ಲ ಸತ್ತೋಗುತ್ತೆ" ಅಂತ ಈಗ ಕಾಮೆಂಟಿಗೆ ಬರ್ತೀರ, ಗೊತ್ತು. ಅರ್ಧ ನಿಮಿಷ ರುಬ್ಬಿದ್ರೆ ಎಷ್ಟು ಬಿಸಿಯಾಗುತ್ತೆ? ಬೇಕಾದ್ರೆ ಎರಡು ಐಸ್ ತುಂಡು ಹಾಕಿ. ಆ ಎನ್‌ಜೈಮೂ ಪ್ರೋಟೀನೇ. ಹೊಟ್ಟೆಯ ಆಮ್ಲ ಅದನ್ನ ನಿಮ್ಮ ಮೆಷಿನ್ ಬಿಲ್ ಕೇಳಿ ಬಿಡೋದಿಲ್ಲ. ಸೊಪ್ಪಿನ ರಸ ಆ ಮೆಷಿನ್ನಲ್ಲೇ ಚೆನ್ನಾಗಿ ಇಳಿಯುತ್ತೆ, ನಿಜ. ಆದ್ರೆ ದಿನಾ ಕಟ್ಟುಗಟ್ಟಲೆ ಸೊಪ್ಪು ಹಿಂಡಿ ಕುಡಿಯೋ ಮನೆ ಹಾಸನದಲ್ಲಿ ಯಾವುದಿದೆ ತೋರಿಸಿ. ನಾನು ನೋಡಿರೋ ಮೆಷಿನ್ನುಗಳೆಲ್ಲ ಅಟ್ಟದ ಮೇಲಿವೆ. ಕಾರಣ ಒಂದೇ, ಜಾಲರಿ ತೊಳೆಯೋಕೆ ಯಾರಿಗೂ ಇಷ್ಟ ಇಲ್ಲ. 18,000 ಕೊಟ್ಟವರು ಒಬ್ಬರು, ಬ್ರಷ್ ಹಿಡಿದು ಉಜ್ಜೋರು ಇನ್ನೊಬ್ಬರು. ಯಾರು ಅಂತ ನಾನು ಹೇಳಬೇಕಾ?

ಇಷ್ಟಕ್ಕೂ ಜ್ಯೂಸೇನು ಅಮೃತ ಅಲ್ಲ. ಹಿಂಡಿದಾಗ ನಾರಿನಂಶ ಬಹುಪಾಲು ಬಟ್ಟೆಯಲ್ಲೇ ಉಳಿಯುತ್ತೆ. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್ (ಮೈಯೊಳಗೆ ವಿಟಮಿನ್ ಎ ಆಗೋ ಬಣ್ಣ) ಮೈಗೆ ಹತ್ತಬೇಕಾದ್ರೆ ಸ್ವಲ್ಪ ಎಣ್ಣೆಯೋ ತುಪ್ಪವೋ ಬೇಕು, ಬೇಯಿಸಿದ್ರೆ ಇನ್ನೂ ಸಲೀಸು. ಶುಗರ್ ಇದ್ದೋರಂತೂ ಕ್ಯಾರೆಟ್ಟು, ಬೀಟ್ರೂಟು ಲೋಟಗಟ್ಟಲೆ ಸುರ್ಕೊಳ್ಳೋ ಮೊದಲು ಯೋಚನೆ ಮಾಡಿ. ನಾನೇನು ಆರೋಗ್ಯದ ಅವತಾರ ಅಲ್ಲ, ಜ್ಯೂಸ್ ಕುಡಿದು ಲೋಟ ತೊಳೆಯೋ ಮೊದಲೇ ಕಾಫಿ ಡಿಕಾಕ್ಷನ್ ಇಳಿದಿರುತ್ತೆ ನಮ್ಮನೇಲಿ.

ಹಿಂಡಿ ಉಳಿದ ಹಿಪ್ಪೆ ಎಸೆಯೋರ ಮೇಲೆ ನನಗೆ ಬೇರೆಯೇ ಸಿಟ್ಟಿದೆ. ಅದನ್ನ ಅಕ್ಕಿಹಿಟ್ಟಿಗೆ ಸೇರಿಸಿ, ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಹಾಕಿ ರೊಟ್ಟಿ ತಟ್ಟಿ. ಎಣ್ಣೆ ಸ್ವಲ್ಪ ಧಾರಾಳವಾಗಿರಲಿ, ಮೇಲೆ ಬೆಣ್ಣೆ, ಪಕ್ಕಕ್ಕೆ ಕಾಯಿಚಟ್ನಿ. ನಮ್ಮನೇಲಿ ಜ್ಯೂಸ್ ಮಾಡೋದೇ ರೊಟ್ಟಿ ನೆಪಕ್ಕೆ ಅಂತ ನನ್ನ ಮಗ ಆರೋಪ ಮಾಡ್ತಾನೆ. ನಾನು ಅಲ್ಲಗಳೆಯೋಕೆ ಹೋಗಿಲ್ಲ.