ಗೇಮ್ ಡಿಸ್ಕ್ ಬಿಸಾಡುವ ಮುಂಚೆ, ಎಲ್ಲಿ ನಿಂತಿತು ಅಂತ ನೋಡಿ

ಗೇಮ್ ಡಿಸ್ಕ್ ಇನ್‌ಸ್ಟಾಲ್ ಆಗ್ತಿಲ್ಲ ಅಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಸಲಹೆ: "ಡಿಸ್ಕ್ ಯಾಕೆ? ಡೌನ್‌ಲೋಡ್ ಮಾಡ್ಕೊಳ್ಳಿ." ಬೆಂಗಳೂರಿನಲ್ಲಿ ಕೂತವರಿಗೆ ಅದು ಸರಿ. ಕೊಡಗಿನ ಮಾದಾಪುರದಿಂದ ಒಳಗಿನ ತೋಟದ ಮನೆಯಲ್ಲಿ, ಜುಲೈ ಮಳೆಯಲ್ಲಿ, ಆ ಮಾತು ಯಾವ ಉಪಯೋಗಕ್ಕೂ ಬರುವುದಿಲ್ಲ. ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಇಲ್ಲ. ಆಮೇಲೆ ಟವರಿನ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಸಿಗ್ನಲ್. ಸೆಕೆಂಡಿಗೆ 2 ಮೆಗಾಬಿಟ್ ವೇಗ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. 60 ಜಿಬಿಯ ಗೇಮ್ ಇಳಿಯಲು, ಒಂದು ಸಲವೂ ನಿಲ್ಲದಿದ್ದರೆ, ಸುಮಾರು 67 ಗಂಟೆ ಬೇಕು. 2015ರಲ್ಲಿ ಜಿಟಿಎ 5 ಪಿಸಿಗೆ ಬಂದಾಗ ಪೆಟ್ಟಿಗೆಯಲ್ಲಿ 7 ಡಿವಿಡಿ ಇದ್ದವು. ನಮ್ಮಂಥ ಕಡೆಯವರಿಗೆ ಆ ಪೆಟ್ಟಿಗೆಯೇ ಇಂಟರ್ನೆಟ್.

ಹಾಗಾಗಿ ಕೊಡಗಿನಲ್ಲಿ ಡಿಸ್ಕ್ ಅನ್ನು ಹಳೇ ಸಾಮಾನು ಅಂತ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಅದನ್ನು ಸರಿಮಾಡಲು ಕಷ್ಟಪಡಬೇಕು.

ಮೊನ್ನೆ ಅಕ್ಕನ ಮಗ ಫೋನ್ ಮಾಡಿದ್ದ. "ಮಾವ, ಅರ್ಧಕ್ಕೆ ಬಂದು ನಿಂತುಬಿಡುತ್ತೆ."

"ಡಿಸ್ಕ್ ಎಲ್ಲಿಟ್ಟಿದ್ದೆ?"

"ಅಟ್ಟದ ಮೇಲೆ, ಪೆಟ್ಟಿಗೆಯಲ್ಲಿ."

ನಮ್ಮಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಇದು. ಮಳೆಗಾಲದಲ್ಲಿ ಬೆಲ್ಟಿಗೆ, ಚಪ್ಪಲಿಗೆ, ಕ್ಯಾಮೆರಾ ಲೆನ್ಸಿಗೆ ಬೂಷ್ಟು ಹಿಡಿಯುತ್ತೆ. ಡಿಸ್ಕ್ ಮತ್ತು ಡ್ರೈವಿನ ಲೆನ್ಸನ್ನು ಮಾತ್ರ ಬಿಡುತ್ತಾ? ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಲೂ ತಿರುಗಿಸಿ ಉಜ್ಜಬೇಡಿ, ಗೆರೆ ಬಿದ್ದರೆ ಓದುವ ದಾರಿಯುದ್ದಕ್ಕೂ ಬೀಳುತ್ತೆ. ಸಿಡಿ ಆದರೆ ಮೇಲ್ಭಾಗದ ಬಗ್ಗೆ ಇನ್ನೂ ಜಾಸ್ತಿ ಹುಷಾರು. ಅದರ ಮಾಹಿತಿ ಪದರ ಇರುವುದು ಹೆಸರು ಅಚ್ಚಾದ ಬದಿಯ ಕೆಳಗೇ. ಅಲ್ಲಿ ಕೆರೆದುಹೋದರೆ ಮತ್ತೆ ಬರುವುದಿಲ್ಲ. ಡಿವಿಡಿಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರುತ್ತೆ, ಸ್ವಲ್ಪ ವಾಸಿ.

ಆಮೇಲೆ ನೇರ ಡಿಸ್ಕಿನಿಂದ ಇನ್‌ಸ್ಟಾಲ್ ಮಾಡಬೇಡಿ. ಅದರಲ್ಲಿರುವುದನ್ನೆಲ್ಲ ಹಾರ್ಡ್‌ಡಿಸ್ಕಿನ ಒಂದು ಫೋಲ್ಡರಿಗೆ ಕಾಪಿ ಮಾಡಿ, ಅಲ್ಲಿಂದ ಸೆಟಪ್ ಓಡಿಸಿ. ಕಾಪಿ ಮಾಡುವಾಗಲೇ ‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’ (ಮಾಹಿತಿ ಸರಿಯಾಗಿ ಓದಲಾಗಲಿಲ್ಲ ಅನ್ನುವ ಎರರ್) ಅಂತ ನಿಂತರೆ ತೊಂದರೆ ಡಿಸ್ಕಿನದು ಅಥವಾ ಡ್ರೈವಿನದು. ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಯುಎಸ್‌ಬಿ ಡ್ರೈವ್ ಆದರೆ ಹಬ್ ಬೇಡ, ಕಂಪ್ಯೂಟರಿಗೇ ಚುಚ್ಚಿ. ಕಾಪಿ ಪೂರ್ತಿ ಆಯಿತು ಅಂದರೆ ಡಿಸ್ಕ್ ಬಹುತೇಕ ಚೆನ್ನಾಗಿದೆ, ತಪ್ಪು ಬೇರೆ ಕಡೆ ಹುಡುಕಬೇಕು. ಅಕ್ಕನ ಮಗನ ಡಿಸ್ಕ್ ಒರೆಸಿದ ಮೇಲೆ ಪೂರ್ತಿ ಕಾಪಿ ಆಯಿತು. ಆದರೂ ಸೆಟಪ್ ಮುಂದೆ ಹೋಗಲಿಲ್ಲ. ಹಿಂದೊಮ್ಮೆ ಇನ್‌ಸ್ಟಾಲ್ ಮಧ್ಯೆ ಕರೆಂಟ್ ಹೋಗಿ ಅರ್ಧ ಫೋಲ್ಡರ್ ಉಳಿದಿತ್ತು. ಅದನ್ನು ಅಳಿಸಿದ ಮೇಲೆ ಸಲೀಸಾಗಿ ಆಯಿತು.

ಇಷ್ಟು ನಮ್ಮ ಕೈಯಲ್ಲಿರುವುದು. ಇನ್ನು ಉಳಿದದ್ದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಡಿಸ್ಕ್ ಹೊಸದರ ಹಾಗೆ ಹೊಳೆಯುತ್ತಿದ್ದರೂ ಗೇಮ್ ಓಡದೇ ಇರಬಹುದು. ವಿಂಡೋಸ್ 95 ಕಾಲದ ಎಷ್ಟೋ ಗೇಮ್‌ಗಳ ಇನ್‌ಸ್ಟಾಲರ್ 16 ಬಿಟ್‌ನದು, ಅಂದರೆ ಹಳೆಯ ಕಾಲದ ವಿಂಡೋಸಿಗೆ ಬರೆದದ್ದು. ಇವತ್ತಿನ 64 ಬಿಟ್ ವಿಂಡೋಸ್ ಅದನ್ನು ತೆರೆಯುವುದೇ ಇಲ್ಲ. ಅದು ತಂತ್ರಜ್ಞಾನ ಬದಲಾದದ್ದು, ಒಪ್ಪಬಹುದು. ಆದರೆ ಸೇಫ್‌ಡಿಸ್ಕ್ ಕಥೆ ಬೇರೆ. ನಕಲು ತಡೆಯಲು ಕಂಪನಿಗಳು ಡಿಸ್ಕಿಗೆ ಹಾಕಿದ ಬೀಗ ಅದು. ಅದು ಕೆಲಸ ಮಾಡಲು ವಿಂಡೋಸ್ ಒಳಗೆ ಒಂದು ಡ್ರೈವರ್ ಫೈಲ್ ಬೇಕಿತ್ತು. 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಆ ಫೈಲ್ ಇಲ್ಲ. ಅದೇ ವರ್ಷದ ಸೆಪ್ಟೆಂಬರಿನ ಅಪ್‌ಡೇಟ್ ಹಳೆಯ ವಿಂಡೋಸ್‌ಗಳಲ್ಲೂ ಅದನ್ನು ನಿಲ್ಲಿಸಿತು. ಆ ಫೈಲಿನಲ್ಲಿ ಭದ್ರತೆಯ ದೋಷ ಇತ್ತು, ಹಾಗಾಗಿ ಮೈಕ್ರೋಸಾಫ್ಟ್ ಮಾಡಿದ್ದು ಸರಿಯೇ. ಬೀಗ ಹಾಕಿದವರು ಏನು ಮಾಡಿದರು? ಬೀಗ ತೆಗೆಯುವ ಪ್ಯಾಚ್ (ಗೇಮನ್ನು ತಿದ್ದುವ ಸಣ್ಣ ಫೈಲ್) ಕೊಡಬೇಕಿತ್ತು ಅಲ್ವಾ? ಎಷ್ಟೋ ಗೇಮ್‌ಗಳಿಗೆ ಅದು ಬರಲೇ ಇಲ್ಲ. ಮನೆ ಮಾರಿ ಕೀಲಿಕೈ ತಾವೇ ಇಟ್ಟುಕೊಂಡ ಹಾಗೆ ಇದು.

ಆಗದ ಕೆಲಸವೇನಲ್ಲ. 2008ರಲ್ಲಿ ಬ್ಲಿಝಾರ್ಡ್ ಕಂಪನಿ ತನ್ನ ಗೇಮ್‌ಗಳಾದ ಸ್ಟಾರ್‌ಕ್ರಾಫ್ಟ್, ವಾರ್‌ಕ್ರಾಫ್ಟ್ 3 ಎರಡಕ್ಕೂ ಡಿಸ್ಕ್ ಹಾಕದೆಯೇ ಆಡುವಂತೆ ಪ್ಯಾಚ್ ಕೊಟ್ಟಿತು. ಉಳಿದವರಿಗೆ ಏನು ಕಷ್ಟ?

ಇನ್ನೊಂದು ಅನ್ಯಾಯ, ಖಾಲಿ ಡಿಸ್ಕ್. 2015ರ ಮೆಟಲ್ ಗೇರ್ ಸಾಲಿಡ್ 5 ಪಿಸಿ ಪೆಟ್ಟಿಗೆಯ ಡಿಸ್ಕಿನಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯ ಇನ್‌ಸ್ಟಾಲರ್ ಬಿಟ್ಟರೆ ಗೇಮೇ ಇರಲಿಲ್ಲ. ಮೈಸೂರಿಗೆ ಹೋಗಿ ದುಡ್ಡು ಕೊಟ್ಟು ಪೆಟ್ಟಿಗೆ ತಂದವರು ಮನೆಯಲ್ಲಿ ಮತ್ತೆ ಸಿಗ್ನಲ್ ಹುಡುಕಬೇಕು. ಒಳಗೆ ಏನಿಲ್ಲ ಅನ್ನುವುದನ್ನು ಪೆಟ್ಟಿಗೆಯ ಮುಂಭಾಗದಲ್ಲೇ ದೊಡ್ಡ ಅಕ್ಷರದಲ್ಲಿ ಹಾಕುವ ಕಾನೂನು ಬರಬೇಕು.

ಪ್ಯಾಚ್ ಸಿಗಲಿಲ್ಲ ಅಂತ ಯಾವುದೋ ಸೈಟಿನಿಂದ ಕ್ರ್ಯಾಕ್ (ಬೀಗ ಮುರಿಯುವ ಕಳ್ಳ ಫೈಲ್) ಇಳಿಸಿಕೊಳ್ಳಬೇಡಿ. ಅದೇ ಕಂಪ್ಯೂಟರಿನಲ್ಲಿ ತೋಟದ ಲೆಕ್ಕ, ಮಕ್ಕಳ ಫೋಟೋ ಎಲ್ಲ ಇರುತ್ತೆ. ಅದರ ಬದಲು ಮನೆಯ ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳಿ. 16 ಬಿಟ್ ಸೆಟಪ್, ಸೇಫ್‌ಡಿಸ್ಕ್ ಎರಡೂ ಅದರಲ್ಲಿ ಓಡುತ್ತವೆ. ಇಂಟರ್ನೆಟ್ ಕೇಬಲ್ ಮಾತ್ರ ಚುಚ್ಚಬೇಡಿ.

ಇನ್ನೂ ಓದುವ ಸ್ಥಿತಿಯಲ್ಲಿರುವ ಡಿಸ್ಕುಗಳಿದ್ದರೆ ಮುಂದಿನ ಮಳೆಗಾಲದ ಒಳಗೆ ಕಾಪಿ ಮಾಡಿಡಿ. ನಿಮ್ಮದೇ ಪ್ರೋಗ್ರಾಂ ಹಾಳಾದೀತು ಅಂತ ಬ್ಯಾಕಪ್ ಮಾಡಿಕೊಳ್ಳಲು 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತೆ. ಸೋಮವಾರಪೇಟೆ, ಸುಂಟಿಕೊಪ್ಪ ಕಡೆಯವರಿಗೆ ಡ್ರೈವ್ ಇಲ್ಲದಿದ್ದರೆ ನನ್ನ ಯುಎಸ್‌ಬಿ ಡ್ರೈವ್ ಕೊಡುತ್ತೇನೆ. ಕೇಳುವಾಗ ಎರರ್ ಬಂದ ಪರದೆಯ ಫೋಟೋ, ವಿಂಡೋಸ್ ಯಾವುದು, ಗೇಮ್ ಯಾವ ವರ್ಷದ್ದು, ಇಷ್ಟು ಕಳಿಸಿ.